ಊರು ಬಿಡುವ ಫೋಟೋ

"ಏ ಅಂಬಿ, ಹಲ್ಲು ಮುಚ್ಚ! ಊರು ಬಿಟ್ಟು ಹೊಂಟಾಕಿ ಮಾರಿ ಹಿಂಗಿರ್ತೈತೇನ? ಮದಿವಿ ಫೋಟೋಕ್ಕ ನಿಂತಂಗ ನಿಂತಾಳ ನೋಡ, ಹಲ್ಕಟ್ ರಂಡಿ. ಅಳು! ಒಂಚೂರರ ಅಳು!"

ಕಸ ಗುಡಿಸುವ ಗ್ಯಾಂಗಿನ ಮೇಲಾಳು, ಮುಕಾದಮ ಗುರುಬಸವ ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಕಿರುಚುತ್ತಿದ್ದ. ಅವನ ಬೆನ್ನ ಹಿಂದೆ ಇಡೀ ಮುಂಬಯಿಯ ಲಾರಿ, ಬಸ್ಸು, ರಿಕ್ಷಾಗಳು ಹಾರ್ನು ಹೊಡೆಯುತ್ತಿದ್ದವು. ಅವನ ಮುಂದೆ ಮುಂಬಯಿಯ ಗಡಿ, ಮುಲುಂಡ್ ಚೆಕ್ ನಾಕಾ. ನಾಕಾದ ಆಚೆ ಥಾಣೆ ಶಹರಕ್ಕೆ ಸ್ವಾಗತ ಕೋರುವ ದೊಡ್ಡ ಬೋರ್ಡು. ಬೋರ್ಡಿನ ಕೆಳಗೆ ಅಂಬವ್ವ, ಕೈಯಲ್ಲೊಂದು ಹಸಿರು ತಗಡಿನ ಟ್ರಂಕು, ಟ್ರಂಕಿನ ಮೇಲೆ ಬಣ್ಣದಲ್ಲಿ ಬರೆದ, ಎಲೆಕೋಸಿನಷ್ಟು ದಪ್ಪನೆಯ ಗುಲಾಬಿ ಹೂವು.

"ಅಳೂದು ಹ್ಯಾಂಗ್ರಿ ಮುಕಾದಮ್ಮರ? ಮಧ್ಯಾಹ್ನಕ್ಕ ತಿರುಗಿ ಡ್ಯೂಟಿಗಿ ಬರೂದೈತಲ್ಲ," ಎಂದಳು ಅಂಬವ್ವ, ಹಲ್ಲು ಮುಚ್ಚದೆ.

"ಬರೂದು ಆಮ್ಯಾಗ. ಮೊದಲ ಹೋಗು."

ಕ್ಲಿಕ್. ಮೊಬೈಲು ಟಿಂಗ್ ಎಂದಿತು. ಒಳಗಿನಿಂದ ಒಬ್ಬ ಹೆಂಗಸು ಇಂಪಾಗಿ ಹಿಂದಿಯಲ್ಲಿ ಹೇಳಿದಳು: ಬ್ರೇಕ್ ದಾಖಲಾಗಿದೆ.

ಅಂಬವ್ವ ಟ್ರಂಕನ್ನು ಸಾಲಿನಲ್ಲಿ ಹಿಂದಿದ್ದ ಶಿವಕುಮಾರಿಯ ಕೈಗೆ ಕೊಟ್ಟಳು. ಈಗ ಶಿವಕುಮಾರಿ ಮುಂಬಯಿ ಬಿಡುವ ಸರದಿ.

ಇದರ ಹೆಸರೇ ಬ್ರೇಕು. ವಡಾಲ, ಮಾಟುಂಗದ ಕಸ ಗುಡಿಸುವ ಗುತ್ತಿಗೆ ಹಿಡಿದ ಕಂಪನಿಗೆ ಒಂದು ಹೆದರಿಕೆ ಇತ್ತು. ಟೆಂಪರರಿ ಆಳು ಬಿಡದೆ ದುಡಿದರೆ, ಎಂದಾದರೊಂದು ದಿನ ಕಾನೂನು ಕಣ್ಣು ಬಿಟ್ಟು, ಇವರು ಕಾಯಂ ಮಂದಿಯೇ ಇರಬೇಕು ಎಂದು ತಪ್ಪು ತಿಳಿದುಬಿಟ್ಟರೆ? ಅದಕ್ಕೇ ಹನ್ನೊಂದು ತಿಂಗಳಿಗೊಮ್ಮೆ ಎಲ್ಲರ ಕೆಲಸವನ್ನೂ ಮುರಿಯುವುದು. ಬೇರೆ ಕಂಪನಿಗಳು ಕಾಗದದ ಮೇಲೆ ಒಂದು ಗೆರೆ ಎಳೆದು ಕೈ ತೊಳೆದುಕೊಳ್ಳುತ್ತವೆ. ನಮ್ಮ ಕಂಪನಿ ಅಂಥ ಸುಳ್ಳು ಕಂಪನಿಯಲ್ಲ. ಅದರ ಪ್ರಾಮಾಣಿಕತೆಯನ್ನು ಹಿಂಡಿದರೆ ಮೂರು ಟ್ಯಾಂಕರು ತುಂಬಬಹುದಿತ್ತು. ಅದು ಆಳುಗಳನ್ನು ನಿಜವಾಗಿಯೂ ಕಸದ ಡಂಪರಿನಲ್ಲಿ ತುಂಬಿ, ಶಹರದ ಗಡಿ ದಾಟಿಸಿ, ಇಳಿಸಿ, ಸಾಮಾನು ಸಮೇತ ಊರಿಗೆ ಹೋಗುತ್ತಿರುವ ಫೋಟೋ ತೆಗೆದು, ಅದೇ ಡಂಪರಿನಲ್ಲಿ ತಿರುಗಿ ತುಂಬಿ ತರುತ್ತಿತ್ತು. ಫೋಟೋದ ಮೇಲೆ ದಿನ, ವೇಳೆ, ಜಾಗ ಎಲ್ಲ ತಾನಾಗಿ ಮೂಡಿ, ಕಣ್ಣು ಮಿಟುಕಿಸುವುದರೊಳಗೆ ಸರ್ಕಾರದ ದಫ್ತರಕ್ಕೆ ಹೋಗಿ ಬೀಳುತ್ತಿತ್ತು. ಮಧ್ಯಾಹ್ನ ಅದೇ ಮಂದಿ ಅದೇ ರಸ್ತೆಯಲ್ಲಿ ಅದೇ ಕಸಬರಿಗೆ ಹಿಡಿದು, ಈಗಷ್ಟೇ ಮುಂಬಯಿ ಕಂಡ ಹೊಸಬರಾಗಿ ನಿಲ್ಲುತ್ತಿದ್ದರು.

ಟ್ರಂಕು ಬಂದದ್ದೂ ಹಾಗೇ. ಮೊದಲ ವರ್ಷ ಎಲ್ಲರೂ ಬರಿಗೈಯಲ್ಲಿ ನಿಂತಿದ್ದರು. ಊರಿಗೆ ಹೋಗುವವರು ಬರಿಗೈಯಲ್ಲಿ ಹೋಗುತ್ತಾರೆಯೇ ಎಂದು ಮೇಲಿನವರು ಆಕ್ಷೇಪ ತೆಗೆದರು. ಗುರುಬಸವ ಚೋರ್ ಬಜಾರಿನಿಂದ ಆ ಟ್ರಂಕು ತಂದ. ಅಂದಿನಿಂದ ಗ್ಯಾಂಗಿನ ಪ್ರತಿಯೊಬ್ಬರೂ ಮುಂಬಯಿ ಬಿಟ್ಟದ್ದು ಅದೇ ಖಾಲಿ ಟ್ರಂಕು ಹಿಡಿದು. ಆ ಟ್ರಂಕಿನಷ್ಟು ಸಲ ಮುಂಬಯಿ ಬಿಟ್ಟ ಜೀವ ಭೂಮಿಯ ಮೇಲೆ ಇನ್ನೊಂದಿಲ್ಲ. ಕಂಪನಿಯಲ್ಲಿ ಕಾಯಂ ಆಗಿ ಉಳಿದದ್ದೂ ಅದೊಂದೇ.

ಇನ್ನು ಅಂಬವ್ವ. ಅವಳ ಕಸಬರಿಗೆಯ ಬಗ್ಗೆ ಹೇಳದೆ ಮುಂದೆ ಹೋದರೆ ಪಾಪ ತಟ್ಟುತ್ತದೆ. ಅವಳು ವಡಾಲದಲ್ಲಿ ಒಮ್ಮೆ ಬೀಸಿ ಹೊಡೆದರೆ ಧೂಳು ಅಂಧೇರಿಯಲ್ಲಿ ಬೀಳುತ್ತಿತ್ತು. ಮಂಜು ಮುಸುಕಿದೆ ಎಂದು ವಿಮಾನಗಳು ಆಕಾಶದಲ್ಲೇ ಸುತ್ತು ಹಾಕುತ್ತಿದ್ದವು. ಸಿಂದಗಿ ಕಡೆಯ ಕೇರಿಯಿಂದ ಗಂಡ ಕಾಂತಪ್ಪನ ಜೊತೆ ಬಂದಾಗ ಅವಳ ತಲೆಯಲ್ಲಿ ಒಂದೂ ಬಿಳಿಗೂದಲಿರಲಿಲ್ಲ, ವಡಾಲದಲ್ಲಿ ಒಂದೂ ಮೇಲ್ಸೇತುವೆ ಇರಲಿಲ್ಲ. ಈಗ ಎರಡಕ್ಕೂ ಲೆಕ್ಕವಿಲ್ಲ.

ಅಂಥ ಅಂಬವ್ವ ಊರು ಬಿಡುವ ಫೋಟೋದಲ್ಲಿ ಯಾಕೆ ಹಲ್ಲು ಕಿಸಿಯುತ್ತಾಳೆ ಎಂಬುದು ಗುರುಬಸವನಿಗೆ ಗೊತ್ತಿರಬೇಕಿತ್ತು. ಕೆಲವು ವರ್ಷಗಳ ಹಿಂದೆ, ಹೀಗೇ ಒಂದು ಬ್ರೇಕಿನ ದಿನ, ಕಾಂತಪ್ಪನೂ ಈ ಟ್ರಂಕು ಹಿಡಿದು ಈ ಬೋರ್ಡಿನಡಿ ನಿಂತಿದ್ದ. ಡಂಪರಿನಲ್ಲಿ ತಿರುಗಿ ಬಂದ. ಸಂಜೆ ಅವನನ್ನು ಮಾಟುಂಗದ ಒಂದು ಗಟಾರದೊಳಗೆ ಇಳಿಸಿದರು. ಮೇಲೆ ಬಂದದ್ದು ಹೆಣ. ಅಂಬವ್ವ ಕಂಪನಿಯ ಬಾಗಿಲಿಗೆ ಹೋದಳು. ಕಂಪನಿಯವರು ಫೋಟೋ ತೋರಿಸಿದರು. ಕಾಂತಪ್ಪ ಬೆಳಿಗ್ಗೆಯೇ ಊರಿಗೆ ಹೋದ, ನೋಡು, ಕೈಯಲ್ಲಿ ಟ್ರಂಕೂ ಇದೆ. ಗಟಾರದಲ್ಲಿ ಸತ್ತವನು ಯಾರೋ ಬೇರೆ.

ಮರುವರ್ಷದ ಬ್ರೇಕಿನಲ್ಲಿ ಟ್ರಂಕು ಕೈಗೆ ಬಂದಾಗ ಅಂಬವ್ವ ಹೇಳಿಸಿಕೊಳ್ಳದೆಯೇ ಅತ್ತಳು. ಗುರುಬಸವ ಕುಣಿದಾಡಿದ. "ಶಾಬ್ಬಾಸ್! ಹಿಂಗಿರಬೇಕ ನೋಡ್ರಿ ಊರು ಬಿಡೂದಂದ್ರ! ಎಲ್ಲಾರೂ ಅಂಬೀನ್ನ ನೋಡಿ ಕಲೀರಿ ಬಾಡ್ಯಾಗೋಳ್ರ!" ಆ ಫೋಟೋವನ್ನು ಹೊಸಬರಿಗೆ ಮಾದರಿಯೆಂದು ಹಾಜರಿ ಚೌಕಿಯ ಗೋಡೆಗೆ ಅಂಟಿಸಿದರು. ಅಂದಿನಿಂದ ಅಂಬವ್ವ ಈ ಬೋರ್ಡಿನಡಿ ಅಳುವುದನ್ನು ಬಿಟ್ಟಳು.

ಈ ಸಲದ ಬ್ರೇಕು ಮುಗಿಸಿ ಡಂಪರು ವಡಾಲಕ್ಕೆ ಮರಳಿದಾಗ ಜೋಪಡಿಗಳ ಬಾಗಿಲಿಗೆಲ್ಲ ಹಳದಿ ನೋಟೀಸು ಅಂಟಿತ್ತು. ಪೋರ್ಟಿನ ಜಾಗದಲ್ಲಿರುವ ಜೋಪಡಿಗಳನ್ನು ಕೆಡವಲಾಗುವುದು. ತಾನು ಈ ಶಹರದ ನಾಗರಿಕ ಎಂದು ತೋರಿಸಿದವರಿಗೆ ಹೊಸ ಬಿಲ್ಡಿಂಗಿನಲ್ಲಿ ಖೋಲಿ. ತೋರಿಸಲಾಗದವರು ಸೋಮವಾರದೊಳಗೆ ಬಂದಲ್ಲಿಗೆ ಹೋಗತಕ್ಕದ್ದು. ಪರಿಶೀಲನೆ ಮುನಿಸಿಪಾಲ್ಟಿ ಶಾಲೆಯ ಹಾಲಿನಲ್ಲಿ.

"ನಮಗ ಖೋಲಿ ಸಿಗತೈತೇನ ಚಿಗವ್ವಾ?" ಎಂದಳು ಶಿವಕುಮಾರಿ.

"ನಮಗ ಸಿಗದ ಇನ್ಯಾರಿಗಿ ಸಿಗತೈತಿ? ಈ ಶಹರದಾಗ ನಾ ಮುಟ್ಟದ ಕಸ ಇಲ್ಲ," ಎಂದಳು ಅಂಬವ್ವ. ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು, ಕಾಂತಪ್ಪನ ಪಾಸ್‌ಪೋರ್ಟ್ ಸೈಜಿನ ಫೋಟೋ ಸೆರಗಿಗೆ ಕಟ್ಟಿಕೊಂಡು ಹೊರಟಳು.

ಪರಿಶೀಲನೆಗೆ ಕೂತವರು ವಸಿಷ್ಠ ಸಾಹೇಬರು. ಮಾಟುಂಗದಲ್ಲೇ ಹುಟ್ಟಿ ಬೆಳೆದ, ಮೈಸೂರು ಮೂಲದ ಮನೆತನ. ಅಜ್ಜ, ಅಪ್ಪ, ಇವರು, ಮೂವರೂ ಕಾಯಂ ನೌಕರರು. ಆ ಮನೆಯಲ್ಲಿ ಕೂಸು ಹುಟ್ಟಿದರೆ ತೊಟ್ಟಿಲಿಗೆ ಹಾಕುವುದಿಲ್ಲ, ನೇರವಾಗಿ ಸರ್ಕಾರಿ ಕುರ್ಚಿಗೆ ಹಾಕುತ್ತಾರೆ. ಬರುವ ತಿಂಗಳು ಅವರಿಗೆ ಬಡ್ತಿ. ಬಡ್ತಿಗೆ ಸರ್ವಿಸಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಬಾರದು ಎಂದು ಅವರು ಜ್ವರ ಬಂದರೂ ರಜೆ ಹಾಕದೆ, ಜ್ವರವನ್ನೇ ಆಫೀಸಿಗೆ ಕರೆದುಕೊಂಡು ಹೋಗುತ್ತಿದ್ದರು.

"ಅಲ್ಲೇ, ಅಲ್ಲೇ ನಿಲ್ಲು. ಟೇಬಲ್ ಮುಟ್ಟಬೇಡ," ಎಂದರು, ಮೂಗಿಗೆ ಕರ್ಚೀಫು ಹಿಡಿದು.

ಕನ್ನಡ ಕಿವಿಗೆ ಬಿದ್ದದ್ದೇ ಅಂಬವ್ವನ ಮುಖ ಅರಳಿತು. "ಸಾಹೇಬ್ರು ನಮ್ಮಾವ್ರ ಅದಾರಲ್ಲ!"

"ಹಾಂ ಹಾಂ, ನಮ್ಮೋರೇ. ದೂರ ನಿಂತು ಹೇಳು. ಪ್ರೂಫ್ ಏನಿದೆ?"

"ಕಸಬರಗಿ ಐತ್ರಿ. ಕೈ ನೋಡ್ರಿ ಬೇಕಾರ." ಅಂಗೈ ತೋರಿಸಿದಳು. ಆ ಅಂಗೈಯ ದಡ್ಡಿನ ಮೇಲೆ ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿತ್ತು.

ಸಾಹೇಬರು ಕಂಪ್ಯೂಟರ್ ಅವಳ ಕಡೆ ತಿರುಗಿಸಿದರು. ಪರದೆಯ ತುಂಬ ಅಂಬವ್ವ. ಪ್ರತಿಯೊಂದರಲ್ಲೂ ಬೋರ್ಡು, ಮೊದಲನೆಯದೊಂದು ಬಿಟ್ಟು ಪ್ರತಿಯೊಂದರಲ್ಲೂ ಟ್ರಂಕು. ಕೂದಲು ಮಾತ್ರ ಒಂದೊಂದು ಚಿತ್ರಕ್ಕೂ ಬೆಳ್ಳಗಾಗುತ್ತಾ ಹೋಗಿತ್ತು.

"ಇದು ನೀನೇ ತಾನೆ?"

"ನಾನ ರೀ."

"ಪ್ರತಿ ಹನ್ನೊಂದು ತಿಂಗಳಿಗೆ ಸಿಟಿ ಬಿಟ್ಟು ಹೋಗಿದೀಯ. ವಿತ್ ಲಗೇಜ್."

"ಹೋಗಿಲ್ರಿ ಸಾಹೇಬ್ರ! ನಾಕಾ ದಾಟಸ್ತಾರ, ಫೋಟೋ ತಗೀತಾರ, ತಿರುಗಿ ತರ್ತಾರ. ಮಧ್ಯಾಹ್ನಕ್ಕ ನಿಮ್ಮ ಬಿಲ್ಡಿಂಗಿನ ಮುಂದನ ಕಸಾ ಹೊಡೀತಿರ್ತೇನಿ."

"ವಾಪಸ್ ಬಂದಿದ್ದಕ್ಕೆ ಫೋಟೋ?"

"ಏನ್ರಿ?"

"ಹೋಗಿದ್ದಕ್ಕೆ ಫೋಟೋ ಇದೆ. ಡೇಟ್, ಟೈಮ್, ಲೊಕೇಶನ್, ಸಬ್ ಕುಛ್. ಬಂದಿದ್ದಕ್ಕೆ ಎಲ್ಲಿದೆ?"

"ಬಂದೇನಲ್ರಿ. ನಿಮ್ಮ ಮುಂದ ನಿಂತೇನಿ."

"ನಿಂತಿರೋದು ಪ್ರೂಫ್ ಅಲ್ಲಮ್ಮ. ಯಾರು ಬೇಕಾದ್ರೂ ನಿಲ್ತಾರೆ."

ಹಿಂದಿನಿಂದ ಶಿವಕುಮಾರಿ ಬಾಯಿ ಹಾಕಿದಳು. "ಹಂಗಾರ ಟೆಂಪರರಿ ಅಂತ ಇಷ್ಟ ವರ್ಷ ಹೇಲು ಉಚ್ಚಿ ಬಳದೇವಲ್ರಿ, ಅವು ಯಾವ ಲೆಕ್ಕಕ್ಕ ಹ್ವಾದ್ವು?"

"ಟೆಂಪರರಿ ಪೀರಿಯಡ್ ಕೌಂಟ್ ಆಗೋಲ್ಲ. ನಾಗರಿಕ ಅಂದ್ರೆ ಕಂಟಿನ್ಯೂ ಆಗಿ ಇರಬೇಕು. ನೀವು ಇಲ್ಲಿ ಕೆಲಸ ಮಾಡಿದೀರಿ, ಇದ್ದಿಲ್ಲ. ಎರಡೂ ಬೇರೆ, ದೋನೋಂ ಅಲಗ್ ಚೀಜ್."

ಅಂಬವ್ವ ಶಿವಕುಮಾರಿಯನ್ನು ಕೈಯಿಂದ ತಡೆದಳು. "ಊರಾಗ ತಲಾಟಿ ಊರ ಪಟ್ಟ್ಯಾಗಿಂದ ನನ್ನ ಹೆಸರ ಹೊಡದ ಹಾಕ್ಯಾನ್ರಿ, ನೀ ಮುಂಬೈದಾಕಿ ಅಂತ. ಇಲ್ಲಿ ನೀವು ಇಲ್ಲಂತೀರಿ. ನಾ ಎಲ್ಲಿ ಅದೇನಿ ಹಂಗಾರ?"

ಸಾಹೇಬರು ಪರದೆ ನೋಡಿದರು. "ರೆಕಾರ್ಡ್ ಪ್ರಕಾರ ನಾಕಾ ಹತ್ರ. ಥಾಣೆ ಸೈಡ್. ಇಷ್ಟು ಸಲ ಹೋಗಿದೀಯ, ಒಂದು ಸಲಾನೂ ವಾಪಸ್ ಬಂದಿಲ್ಲ. ಬರದೇ ಇದ್ದೋಳು ಎರಡನೇ ಸಲ ಹೆಂಗೆ ಹೋದೆ ಅಂತ ಕೇಳಬೇಡ, ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ."

ಅಂಬವ್ವ ಸೆರಗಿನ ಗಂಟು ಬಿಚ್ಚಿ ಚಿಕ್ಕ ಫೋಟೋ ತೆಗೆದಳು. "ನಂದು ಬಿಡ್ರಿ. ನನ್ನ ಗಂಡ ಇಲ್ಲೇ ಸತ್ತಾನ್ರಿ, ನಿಮ್ಮ ಮಾಟುಂಗದಾಗ. ಸತ್ತಾಂವ ಎಲ್ಲೂ ಹೋಗಿಲ್ಲ. ಅದನ್ನರ ಬರಕೋರಿ."

"ಹೆಸರು?"

"ಕಾಂತಪ್ಪ."

ಟಕ್ ಟಕ್. ಪರದೆಯ ಮೇಲೆ ಕಾಂತಪ್ಪ ಬಂದ. ಕೈಯಲ್ಲಿ ಟ್ರಂಕು, ಬಿಸಿಲಿಗೆ ಕಿರಿದಾದ ಕಣ್ಣು. ಅಂಬವ್ವ ತನಗರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬಂದಳು.

"ಏ, ಟೇಬಲ್! ನೋಡು, ಸತ್ತಿಲ್ಲ. ಊರಿಗೆ ಹೋಗಿದಾನೆ. ಟ್ರಂಕೂ ಸೇಮ್." ಸಾಹೇಬರಿಗೆ ಒಂದು ಹಾಸ್ಯ ಹೊಳೆಯಿತು. "ಫ್ಯಾಮಿಲಿ ಟ್ರಂಕಾ?"

ಅಕ್ಕಪಕ್ಕದ ಗುಮಾಸ್ತರು ನಕ್ಕರು. ಸಾಹೇಬರು 'ಅಪಾತ್ರ' ಎಂಬ ಠಸ್ಸೆ ಒತ್ತಿ, ಕಾಗದವನ್ನು ಫುಟ್‌ಪಟ್ಟಿಯ ತುದಿಯಿಂದ ಮೇಜಿನ ಅಂಚಿಗೆ ತಳ್ಳಿದರು. ಕಾಗದ ನೆಲಕ್ಕೆ ಬಿತ್ತು. ಗ್ಯಾಂಗಿನ ಎಲ್ಲರಿಗೂ ಅದೇ ಠಸ್ಸೆ.

ಸಂಜೆ ನಳದ ಹತ್ತಿರ ಕೊಡಗಳ ಸಾಲು, ಬೈಗುಳದ ಸಾಲು. ಸಾಹೇಬನ ವಂಶದ ಏಳು ತಲೆಮಾರಿಗೂ ಶಿವಕುಮಾರಿ ಒಬ್ಬಳೇ ಪೂಜೆ ಮಾಡಿ ಮುಗಿಸಿದಳು. ಅಂಬವ್ವ ಕೊಡವನ್ನು ನಳದ ಕೆಳಗಿಟ್ಟು ಎತ್ತುವುದನ್ನೇ ಮರೆತಿದ್ದಳು. ಅವಳ ಕೊಡ ತುಂಬಿ ಚೆಲ್ಲುತ್ತಿತ್ತು. ಆಮೇಲೆ ಒಮ್ಮೆಗೇ ಹಲ್ಲು ಕಿಸಿದಳು, ಫೋಟೋದಲ್ಲಿ ಕಿಸಿದಂತೆ.

"ಶಿವಿ, ಸರಕಾರ ಸುಳ್ಳು ಹೇಳತೈತೇನ?"

"ಅದರ ಬಾಯಾಗ ನನ್ನ ಕಸಬರಗಿ ಹಾಕ್ಲಿ!"

"ಹಂಗನಬ್ಯಾಡ. ನಾವು ಹೋಗೇವಂತ ಸರಕಾರದ ಠಸ್ಸೆ ಬಿದ್ದೈತಿ. ಹೋದಾವ್ರು ಇಲ್ಲಿ ಕಸಾ ಹೊಡದ್ರ ಠಸ್ಸೆ ಸುಳ್ಳಾಗತೈತಿ. ನಮ್ಮಿಂದ ಸರಕಾರಕ್ಕ ಅಪಮಾನ ಯಾಕ? ನಡೀರಿ, ಹೋಗಿಬಿಡೂನು."

ಮರುದಿನ ಬೆಳಿಗ್ಗೆ ಚೌಕಿಯಲ್ಲಿ ಹಾಜರಿ ಕರೆಯಲು ಬಂದ ಗುರುಬಸವನಿಗೆ ಕಂಡದ್ದು ಖಾಲಿ ಬೆಂಚು, ಗೋಡೆಗೆ ಒರಗಿಸಿದ ಕಸಬರಿಗೆಗಳು. ಟ್ರಂಕೂ ಇರಲಿಲ್ಲ. ಗ್ಯಾಂಗು ಮೊದಲ ಲೋಕಲ್ ಹಿಡಿದು, ಮುಲುಂಡಿನಲ್ಲಿ ಇಳಿದು, ನಡೆದು ನಾಕಾ ದಾಟಿ, ಬೋರ್ಡಿನ ನೆರಳಿನಲ್ಲಿ ಕೂತಿತ್ತು. ಅಂಬವ್ವ ಟ್ರಂಕಿನ ಮೇಲೆ. ಎಲೆ ಅಡಿಕೆ ಚೀಲ ಬಿಚ್ಚಿದಳು. ಇಷ್ಟು ವರ್ಷ ಊರು ಬಿಟ್ಟರೂ ಕೂತುಕೊಳ್ಳಲು ಪುರುಸೊತ್ತು ಸಿಕ್ಕದ್ದು ಇದೇ ಮೊದಲು.

ಇತ್ತ ಕಸ ಬೆಳೆಯತೊಡಗಿತು. ಮೊದಲ ದಿನ ಮೊಳಕಾಲಿಗೆ, ಮರುದಿನ ಮೊದಲ ಮಹಡಿಗೆ. ಮಾಟುಂಗದ ಉಡುಪಿ ಹೋಟೆಲಿನ ಸಾಂಬಾರಿನ ಪರಿಮಳ ಹೊರಗೆ ಬರಲಾರದೆ ಒಳಗೇ ಮೂರ್ಛೆ ಹೋಯಿತು. ಪಾರಿವಾಳಗಳು ಸಂಸಾರ ಸಮೇತ ಪುಣೆಗೆ ಹೊರಟವು. ವಸಿಷ್ಠ ಸಾಹೇಬರ ತಂದೆ ವೆಂಕಟಸುಬ್ಬಯ್ಯನವರು ವಾಕಿಂಗಿಗೆಂದು ಇಳಿದು, ಕಸದ ಗುಡ್ಡ ಹತ್ತಿ, ದಾರಿ ತಪ್ಪಿ, ಮರುದಿನ ಮಾಹಿಮಿನ ಕಡೆಯಿಂದ ಇಳಿದು ಮನೆ ಸೇರಿದರು. ಗುರುಬಸವ ಬೇರೆ ಆಳು ಹುಡುಕಿದ. ಮೂಗಿದ್ದವರು ಯಾರೂ ಒಪ್ಪಲಿಲ್ಲ. ಸೋಮವಾರ ಜೋಪಡಿ ಕೆಡವಲು ಬಂದ ಜೆಸಿಬಿ ವಡಾಲದ ತಿರುವಿನಲ್ಲೇ ಕಸದಲ್ಲಿ ಹೂತು, ಅದರ ಡ್ರೈವರನನ್ನು ಹಗ್ಗ ಹಾಕಿ ಎಳೆಯಬೇಕಾಯಿತು. ಹೀಗಾಗಿ ಜೋಪಡಿಗಳು ಇನ್ನೂ ನಿಂತಿದ್ದವು.

ಮೇಲಿನವರು ವಸಿಷ್ಠ ಸಾಹೇಬರನ್ನು ಕರೆದು, ಹೋದವರನ್ನು ನೀವೇ ಹುಡುಕಿ ತನ್ನಿ, ಬಡ್ತಿಯ ವಿಚಾರ ಆಮೇಲೆ, ಎಂದರು.

ಸಾಹೇಬರು ಗುರುಬಸವನನ್ನು ಕರೆದುಕೊಂಡು ಸುಡುಬಿಸಿಲಿನಲ್ಲಿ ನಾಕಾಕ್ಕೆ ಬಂದರು. ಮುಂಬಯಿಯ ಅಂಚಿನಲ್ಲೇ ಬೂಟು ನಿಲ್ಲಿಸಿ ಕೈ ಮುಗಿದರು.

"ಅಂಬವ್ವನವರೇ, ನಮಸ್ಕಾರ. ವಾಪಸ್ ಬನ್ನಿ. ಪ್ಲೀಸ್."

"ಯಾರನ್ನ ಕರೀತೀರಿ ಸಾಹೇಬ್ರ?"

"ನಿಮ್ಮನ್ನೇ."

"ನಾವು ಥಾಣೆದಾವ್ರು ರೀ. ಕೊನೀ ಫೋಟೋ ಇಲ್ಲೇ ಐತಿ."

ಗುರುಬಸವನಿಗೆ ತಡೆಯಲಿಲ್ಲ. "ಏ ಅಂಬಿ, ಮಸ್ತಿ ಬಂದೈತೇನ? ಏಳ ಮ್ಯಾಲ!"

"ನೀ ಸುಮ್ನಿರೋ!" ಎಂದು ಸಾಹೇಬರು ಅವನನ್ನು ಗದರಿ, ಧ್ವನಿ ಇಳಿಸಿದರು. "ಇಶ್ಯೂ ಏನಿದೆ, ಕೂತು ಮಾತಾಡೋಣ. ಸ್ವಲ್ಪ ಈ ಕಡೆ ಬನ್ನಿ."

"ಕೇಳಸವಲ್ದು ರೀ, ಲಾರಿ ಸಪ್ಪಳ ಭಾಳ," ಎಂದಳು ಅಂಬವ್ವ ಕಿವಿಯ ಹಿಂದೆ ಕೈ ಇಟ್ಟು. "ನೀವ ಬರ್ರಿ ಈ ಕಡೆ."

ಸಾಹೇಬರು ಬಂದರು. ಮೂರು ತಲೆಮಾರಿನ ಸರ್ಕಾರಿ ಬೆವರು ಒಟ್ಟಿಗೇ ಹರಿದಂತೆ ಅಂಗಿ ತೊಯ್ದಿತ್ತು. ಅಂಬವ್ವ ಎದ್ದು, ಟ್ರಂಕನ್ನು ಸೆರಗಿನಿಂದ ಒರೆಸಿದಳು. "ಕೂಡ್ರಿ, ದಣದೀರಿ. ನಾವು ಮುಟ್ಟಿದ್ದು, ನಡೀತೈತಿಲ್ರಿ?"

ಬಿಸಿಲಿಗೆ ಕಣ್ಣು ಕತ್ತಲಿಡುತ್ತಿತ್ತು. ಸಾಹೇಬರು ಧೊಪ್ಪನೆ ಕೂತರು. ತಲೆಯ ಮೇಲೆ ಬೋರ್ಡು, ತೊಡೆಯ ಕೆಳಗೆ ಗುಲಾಬಿ ಹೂವು.

"ಮುಕಾದಮ್ಮರ, ಫೋಟೋ!" ಎಂದಳು ಅಂಬವ್ವ.

ಪ್ರತಿ ಬ್ರೇಕಿನಲ್ಲೂ ಸಾಲಿನಿಂದ ಬರುತ್ತಿದ್ದ ಕೂಗು ಅದೇ. ಬೋರ್ಡಿನಡಿ ಟ್ರಂಕು, ಟ್ರಂಕಿನ ಜೊತೆ ಒಂದು ಬಾಡಿದ ಮುಖ. ಗುರುಬಸವನ ಕೈ ಅವನನ್ನು ಕೇಳಲಿಲ್ಲ. ಅವನು ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ತುಂಬು ಭಕ್ತಿಯಿಂದ ಕೂಗಿದ: "ಭಾಳ ಚಂದ ಸಾಹೇಬ್ರ, ಹಂಗ ಇರ್ರಿ! ಒಂಚೂರ ಅಳ್ರಿ!"

ಕ್ಲಿಕ್. ಟಿಂಗ್. ಒಳಗಿನ ಹೆಂಗಸು ಇಂಪಾಗಿ ಹೇಳಿದಳು: ಬ್ರೇಕ್ ದಾಖಲಾಗಿದೆ.

ಲಾರಿಗಳು ಕೂಡ ಹಾರ್ನು ನಿಲ್ಲಿಸಿದವು.

"ಡಿಲೀಟ್ ಮಾಡೋ!" ಸಾಹೇಬರು ಹಾವು ತುಳಿದವರಂತೆ ಎದ್ದರು. "ಡಿಲೀಟ್ ಮಾಡೋ, ಹರಾಮ್‌ಖೋರ್!"

"ಡಿಲೀಟ್ ಇಲ್ರಿ," ಗುರುಬಸವ ಮೊಬೈಲನ್ನು ತಿರುವಿ ತಿರುವಿ ನೋಡಿದ. "ಹೋಗೂ ಬಟನ್ ಅಷ್ಟ ಐತ್ರಿ ಇದರಾಗ. ಬರೂದಿಲ್ರಿ."

"ನನ್ನ ಹೆಸರೆಲ್ಲಿದೆ ಅದರಲ್ಲಿ?"

"ಮಾರಿ ನೋಡಿ ಅದ ಹೆಸರ ಬರಕೋತೈತ್ರಿ. ನಿಮ್ಮ ಮಾರಿ ಸರಕಾರದಾಗ ಮೊದಲ ಐತೆಲ್ರಿ."

ಸಾಹೇಬರು ಮುಂಬಯಿಯ ಕಡೆ ಓಡಿದರು. ಅಂಚಿಗೆ ಬಂದು ಒಂದು ಕಾಲು ಎತ್ತಿದರು. ಹಿಂದಿನಿಂದ ಅಂಬವ್ವನ ಧ್ವನಿ ಬಂತು, ಗದರಿಕೆಯಿಲ್ಲ, ಮನೆಗೆ ಬಂದವರನ್ನು ಮಾತಾಡಿಸುವ ಧ್ವನಿ.

"ಹೋಗ್ರಿ ಸಾಹೇಬ್ರ, ಯಾರ ಬ್ಯಾಡಂತಾರ? ಬಂದದ್ದಕ್ಕ ಫೋಟೋ?"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಸಾಹೇಬರು ಆ ಕಾಲನ್ನು ನೋಡಿಕೊಂಡರು. ಕಾಲು ಪ್ರೂಫ್ ಅಲ್ಲ ಎಂಬುದು ಅವರಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವರ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. "ಸರ್... ಇಲ್ಲ ಸರ್, ಊರು ಬಿಟ್ಟಿಲ್ಲ ಸರ್. ಇಲ್ಲೇ ಇದೀನಿ. ನಿಂತಿದೀನಿ ಸರ್..." ಆಚೆಯವರು ಏನೋ ಹೇಳಿದರು. ಸಾಹೇಬರು ಟ್ರಂಕಿನ ಕಡೆ ತಿರುಗಿ ನೋಡಿದರು. "ಟ್ರಂಕು ನಂದಲ್ಲ ಸರ್," ಎಂದರು. ಆಚೆಯಿಂದ ಫೋನು ಇಟ್ಟಿದ್ದರು.

ಶಿವಕುಮಾರಿ ನಗಲು ಬಾಯಿ ತೆರೆದವಳು, ಅಂಬವ್ವನ ಮುಖ ನೋಡಿ ಮುಚ್ಚಿದಳು. ಅಂಬವ್ವ ಟ್ರಂಕಿನ ಮೇಲೆ ಮತ್ತೆ ಕೂತು, ಒಂದು ಬದಿಗೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು.

"ಬರ್ರಿ, ಕೂಡ್ರಿ. ಮುಂದಿನ ಫೋಟೋಕ್ಕ ಹನ್ನೊಂದ ತಿಂಗಳು, ಏನ ದೊಡ್ಡ ಮಾತಲ್ಲ. ಹಾದಿ ಗೊತ್ತಿಲ್ಲಂತ ಚಿಂತಿ ಮಾಡಬ್ಯಾಡ್ರಿ," ಎಂದು ಥಾಣೆಯ ಆಚೆಗೆ, ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ರಸ್ತೆಯ ಕಡೆ ಕೈ ಚಾಚಿದಳು. "ನಮ್ಮ ಕಾಂತಪ್ಪ ಮುಂದ ಹೊಂಟಾನ."